ಗೋಡೆ ದಾಟಿ ಬಂದ ಹಿಮದ ಉಂಡೆಗಳು

ನಮ್ಮೂರಲ್ಲಿ ಹಿಮ ವರ್ಷಕ್ಕೆ ಒಂದೇ ದಿನ ಬೀಳುತ್ತದೆ, ಅದೂ ಅಂಗಳಗಳಲ್ಲಿ ಮಾತ್ರ. ಬೀದಿಯ ಧೂಳು ಧೂಳಾಗಿಯೇ ಇರುತ್ತದೆ. ಸಂಕ್ರಾಂತಿ ಕಳೆದ ಎಂಟನೆಯ ದಿನ ಬೆಳಗಿನ ಜಾವಕ್ಕೆ ಸುರಿದು, ಸಂಜೆಯೊಳಗೆ ಕರಗಿ, ಅಂಗಳದ ಬಾವಿಗೆ ಇಳಿದುಬಿಡುತ್ತದೆ. ವರ್ಷಪೂರ್ತಿ ಕುಡಿಯುವುದು ಅದನ್ನೇ. ಆ ಒಂದು ದಿನ, ಆ ಮನೆಯ ಒಲೆಯ ಮೇಲೆ ಬೆಂದದ್ದನ್ನು ಉಣ್ಣುವವರೆಲ್ಲ ಅಂಗಳಕ್ಕಿಳಿದು ಹಿಮದಲ್ಲಿ ಒಂದು ಆಟ ಆಡಬೇಕು. ಆ ಅಂಗಳ ಹಿಂದೆ ಎಂದೂ ಕಂಡಿರದ ಆಟವೇ ಆಗಬೇಕು. ಹಳೆಯ ಆಟ ಆಡಿದರೆ, ಒಬ್ಬರು ಒಳಗೆ ಮುಸುಕು ಹಾಕಿ ಮಲಗಿದರೆ, ಆಟ ಅರ್ಧಕ್ಕೇ ನಿಂತರೆ, ಮರುವರ್ಷ ಆ ಅಂಗಳಕ್ಕೆ ಹಿಮ ಬೀಳುವುದಿಲ್ಲ. ಮತ್ತೆ ಯಾವತ್ತೂ ಬೀಳುವುದಿಲ್ಲ. ಆಡುವಾಗ ನಗಲೇಬೇಕು ಅನ್ನುವ ಕಟ್ಟಳೆಯೊಂದು ಇಲ್ಲ. ಇದ್ದಿದ್ದರೆ ಅರ್ಧ ಊರು ಎಂದೋ ಒಣಗಿ ಹೋಗುತ್ತಿತ್ತು.

ಪರವೂರಿನವರು ಇದನ್ನು ಕೇಳಿ, ಎಷ್ಟು ಚೆಂದ, ಇಡೀ ಸಂಸಾರ ಕೂಡಿ ಆಡುವುದಲ್ಲ ಅನ್ನುತ್ತಾರೆ. ಅವರದೇನು ಹೋಗಬೇಕು. ಗೋಣಿಚೀಲದ ಮೇಲೆ ಕೂತು ಜಾರಿದ್ದಾಯಿತು, ಮೊರದ ಮೇಲೆ ಜಾರಿದ್ದಾಯಿತು, ಪರಾತದಲ್ಲಿ ಕೂತು ಹಿಂದುಮುಂದಾಗಿ ಜಾರಿದ್ದಾಯಿತು. ಹಿಮದ ಎತ್ತು ಮಾಡಿ ಪೂಜೆ ಮಾಡಿದ್ದಾಯಿತು, ಹಿಮದ ಮದುಮಕ್ಕಳಿಗೆ ಅಕ್ಕಿಕಾಳು ಹಾಕಿದ್ದೂ ಆಯಿತು. ಆಮೇಲೆ ಏನು? ದೀಪಾವಳಿ ಮುಗಿದರೆ ಸಾಕು, ಪ್ರತಿ ಮನೆಯಲ್ಲೂ ದೊಡ್ಡವರ ಮುಖಕ್ಕೆ ಪರೀಕ್ಷೆ ಹತ್ತಿರ ಬಂದವರ ಕಳೆ ಬರುತ್ತದೆ. ನಮ್ಮೂರಲ್ಲಿ ಹೆಣ್ಣು ನೋಡಲು ಹೋದವರು ಅಡಿಗೆ ಬರುತ್ತದೆಯೇ ಎಂದು ಕೇಳುವುದಿಲ್ಲ, ತಲೆಯಲ್ಲಿ ಎಷ್ಟು ಆಟ ಇವೆ ಎಂದು ಕೇಳುತ್ತಾರೆ. ಎದುರುಮನೆಯಲ್ಲಿ ಲಕ್ವ ಹೊಡೆದ ಮುದುಕನನ್ನು ಮಂಚಸಮೇತ ಹೊರಗೆ ತಂದು, ಬಿಗಿದ ಮುಷ್ಟಿ ಬಿಡಿಸಿ ಹಿಮ ತುಂಬಿ, ಅಪ್ಪಾ ಒಗೀ, ಅಪ್ಪಾ ಒಗೀ ಎಂದು ಮಗ ಗದರುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನನ್ನ ಹೆಸರು ದಾನವ್ವ. ಹಿಟ್ಟಿನ ಗಿರಣಿಯವರ ಮನೆಗೆ ಹಿರಿಯ ಸೊಸೆಯಾಗಿ ಬಂದವಳು. ಬಂದ ವರ್ಷದಿಂದ ಆಟ ಹುಡುಕುವುದು ನನ್ನ ತಲೆಗೇ ಬಿತ್ತು. ನಮ್ಮ ಅತ್ತೆ ಆ ಅಂಗಳದ ಅರವತ್ತೊಂದು ವರ್ಷದ ಆಟಗಳನ್ನು ನೆನಪಿಟ್ಟಿದ್ದಳು. ನಾನು ಏನು ಹೇಳಿದರೂ, ಅದು ನಮ್ಮ ಮಾವನ ಕಾಲದಾಗ ಆಡೇವಿ ಎಂದು ತಳ್ಳಿಹಾಕುತ್ತಿದ್ದಳು. ಹೇಗೋ ಆರು ವರ್ಷ ಸಾಗಿಸಿದೆ. ಹಿಮದಲ್ಲಿ ಚರಿಗೆ, ತಾಟು ಹೂತಿಟ್ಟು ಹುಡುಕಿಸಿದೆ. ಹಿಮದ ರೊಟ್ಟಿ ತಟ್ಟಿಸಿ ಯಾರದು ದುಂಡಗೆ ಎಂದು ನೋಡಿಸಿದೆ. ಹಿಮವನ್ನು ಕೊಡದಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಓಡಿಸಿದೆ. ನನ್ನ ಆಟಗಳಲ್ಲೆಲ್ಲ ಮನೆಗೆಲಸದ ವಾಸನೆ ಇರುತ್ತಿತ್ತು, ಅದು ನನಗೂ ಗೊತ್ತಿತ್ತು. ಆಡಿ ಮುಗಿಸಿ ಎಲ್ಲರೂ ಉಸ್ಸಪ್ಪಾ ಎಂದು ಒಳಗೆ ಹೋಗುತ್ತಿದ್ದರು. ಮರುವರ್ಷ ಹಿಮವಂತೂ ತಪ್ಪದೆ ಬೀಳುತ್ತಿತ್ತು.

ಆಮೇಲೆ ಮೈದುನ ಸಿದ್ರಾಮನ ಹೆಂಡತಿಯಾಗಿ ಪುತಳಾ ಬಂದಳು. ಕಡ್ಡಿಯಂಥ ಹುಡುಗಿ, ಮಾತು ಕಡಿಮೆ. ಆ ವರ್ಷ ಅತ್ತೆ, ಹೊಸಬಳು ಏನು ತಂದಾಳೋ ನೋಡೋಣ ಎಂದಳು. ಪುತಳಾ ನಮ್ಮೆಲ್ಲರನ್ನೂ ಸಾಲಾಗಿ ಮೊಣಕಾಲೂರಿಸಿ, ಹಿಮದಲ್ಲಿ ಮುಖ ಒತ್ತಲು ಹೇಳಿದಳು. ಎದ್ದರೆ ಅಲ್ಲಿ ಅವರವರ ಮುಖದ ಅಚ್ಚು. ಆಮೇಲೆ ಒಬ್ಬೊಬ್ಬರ ಕಣ್ಣು ಕಟ್ಟಿ, ಬೆರಳಾಡಿಸಿ, ಯಾವುದು ಯಾರ ಮುಖ ಎಂದು ಹೇಳಿಸುವುದು. ಅತ್ತೆಯ ಮೂಗು ಎಲ್ಲರಿಗೂ ಸಿಕ್ಕಿತು. ಬಂದು ಎಂಟು ತಿಂಗಳಾಗಿದ್ದ ಪುತಳಾಳ ಮುಖವನ್ನೂ ಎಲ್ಲರೂ ಗುರುತಿಸಿದರು. ನನ್ನ ಅಚ್ಚಿನ ಮೇಲೆ ಅತ್ತೆ ಬೆರಳಿಟ್ಟು, ಯಾವುದೋ ಗಂಡಸಿಂದು ಎಂದಳು. ನನ್ನ ನಾಲ್ಕು ವರ್ಷದ ಮಗಳು ಶೈಲಾ, ಅಜ್ಜಿ ಎಂದಳು. ನನ್ನ ಗಂಡ ಚಂದ್ರಾಮ ಹಣೆ, ಕೆನ್ನೆ, ತುಟಿ ಎಲ್ಲ ಸವರಿ, ಇದು ನಮ್ಮ ಸಿದ್ರಾಮಂದು ಎಂದರು. ಅಂಗಳ ತುಂಬ ನಗು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ? ಏಳುವ ಗಡಿಬಿಡಿಯಲ್ಲಿ ಕೈ ಒರಳಿಗೆ ತಾಕಿ ಎರಡು ಬಳೆ ಒಡೆದವು. ಯಾರದಾದರೂ ಕಾಲಿಗೆ ಚುಚ್ಚೀತು ಎಂದು ಪುತಳಾ ಚೂರುಗಳನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು.

ನಮ್ಮ ಮನೆಯವರು ಹಿಮದ ದಿನ ಮನಸಾರೆ ನಕ್ಕದ್ದು ಅದೇ ಮೊದಲು ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಳು. ನಾನು ಅವತ್ತಿನಿಂದ ಪುತಳಾಳನ್ನು ದ್ವೇಷಿಸಿದೆ. ಸುತ್ತಿಬಳಸಿ ಹೇಳುವುದಕ್ಕೆ ಇದರಲ್ಲಿ ಏನೂ ಇಲ್ಲ. ಅವಳು ನನಗೆ ಎದುರು ಮಾತಾಡಿದವಳಲ್ಲ, ನನ್ನ ಪಾಲಿನ ಕೆಲಸಕ್ಕೂ ಕೈ ಹಚ್ಚುತ್ತಿದ್ದಳು. ಅದರಿಂದ ನನಗೆ ಇನ್ನಷ್ಟು ಉರಿಯುತ್ತಿತ್ತು. ವರ್ಷ ವರ್ಷ ಅವಳದೇ ಆಟ. ನಾನು ಹಿರಿಯ ಸೊಸೆ, ಅವಳು ಹೇಳಿದ ಕಡೆ ನಿಲ್ಲಬೇಕು, ಹೇಳಿದಾಗ ಓಡಬೇಕು. ಐದು ವರ್ಷ ಆದ ಮೇಲೆ ಅತ್ತೆ ತೀರಿಕೊಂಡಳು. ಹದಿಮೂರನೆಯ ದಿನದ ಊಟದ ತಾಟು ತೊಳೆದಿಟ್ಟವಳೇ ನಾನು ಪಾಲಿನ ಮಾತು ತೆಗೆದೆ. ಗಂಡ ಮೊದಲು ಬೈದರು, ಆಮೇಲೆ ಸುಮ್ಮನಾದರು, ಆಮೇಲೆ ಗೌಂಡಿಯನ್ನು ಕರೆಸಿದರು. ಅಂಗಳದ ನಡುವೆ ಎದೆಯುದ್ದದ ಗೋಡೆ ಎದ್ದಿತು. ಸಾಲದೆಂದು ನಾನು ಇನ್ನೆರಡು ಸಾಲು ಕಲ್ಲು ಏರಿಸಿದೆ. ಹಳೆಯ ಬಾವಿ ನಮ್ಮ ಕಡೆ ಬಂತು, ಅವರು ಅವರ ಕಡೆ ಚಿಕ್ಕದೊಂದು ತೋಡಿಕೊಂಡರು.

ಗೋಡೆ ಎದ್ದ ಮೇಲೆಯೇ ನನಗೆ ಎಚ್ಚರವಾದದ್ದು. ಹಿಮಕ್ಕೆ ಒಂದು ತಿಂಗಳಿದೆ, ನನ್ನ ತಲೆಯಲ್ಲಿ ಒಂದು ಆಟವಿಲ್ಲ. ಅತ್ತೆಯೂ ಇಲ್ಲ, ಯಾವುದು ಹಳೆಯದು ಯಾವುದು ಹೊಸದು ಎಂದು ಹೇಳುವವರೇ ಇಲ್ಲ. ಹಿಮಕ್ಕೆ ಇದು ಎರಡು ಅಂಗಳವೋ ಒಂದೇ ಅಂಗಳವೋ ಎಂಬುದೂ ಯಾರಿಗೂ ಗೊತ್ತಿರಲಿಲ್ಲ. ಊರಿನ ಹಿರಿಯರನ್ನು ಕೇಳಿದರೆ, ಒಂದೇ ಅಂತ ತಿಳಿದು ನಡೆಯಿರಿ, ಅವರಾಡಿದ್ದು ನೀವು ಆಡಬೇಡಿ, ನೀವಾಡಿದ್ದು ಅವರು ಆಡುವುದು ಬೇಡ ಎಂದರು. ಹಗಲೆಲ್ಲ ಹಿಟ್ಟು ಜರಡಿ ಹಿಡಿಯುತ್ತ ಯೋಚಿಸಿದೆ, ರೊಟ್ಟಿ ಬಡಿಯುತ್ತ ಯೋಚಿಸಿದೆ. ರೊಟ್ಟಿ, ಕೊಡ, ಮೊರ ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಶೈಲಾಳಿಗೆ ಆಗ ಹತ್ತು ವರ್ಷ. ಗೋಡೆ ಅವಳಿಗೆ ಲೆಕ್ಕಕ್ಕಿರಲಿಲ್ಲ, ಬೀದಿಯಿಂದ ಸುತ್ತಿ ಹೋಗಿ ಪುತಳಾಳ ಮಗನನ್ನು ಆಡಿಸಿ ಬರುತ್ತಿದ್ದಳು. ಹಿಮಕ್ಕೆ ನಾಲ್ಕು ದಿನ ಇದ್ದಾಗ ಬಂದವಳು, ಸಣ್ಣವ್ವ, ಅಂದರೆ ಪುತಳಾ, ಈ ಸರ್ತಿಯ ಆಟ ತನಗೊಬ್ಬಳಿಗೇ ಹೇಳಿದ್ದಾಳೆ, ಯಾರಿಗೂ ಹೇಳಬಾರದಂತೆ ಎಂದಳು. ನಾನು ಒಂದು ಶೇಂಗಾ ಉಂಡೆ ಕೊಟ್ಟೆ. ಅವಳು ಅದನ್ನು ತಿನ್ನುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದಳು. ಹಿಮದ ಗುಡ್ಡೆ ಮಾಡಿ, ಹೊಟ್ಟೆ ಟೊಳ್ಳು ಮಾಡಿ, ಒಳಗೆ ಎಣ್ಣೆಯ ದೀಪ ಇಟ್ಟು ಬಾಯಿ ಮುಚ್ಚುವುದು. ಸುತ್ತ ಕೂತು ಪಪ್ಪಾಯಿ ಎಲೆಯ ದಂಟಿನಿಂದ ಬಿಸಿ ಉಸಿರು ಊದಿ ಊದಿ ತೂತು ಕೊರೆಯುವುದು. ಯಾರ ತೂತಿನಿಂದ ಮೊದಲು ಬೆಳಕು ಬರುತ್ತದೋ ಅವರು ಗೆದ್ದಂತೆ. ಆದರೆ ಉಸಿರು ಜೋರಾಗಿ ದೀಪ ಆರಿದರೆ ಎಲ್ಲರೂ ಸೋತಂತೆ.

ಕೇಳಿದ ಗಳಿಗೆಯಲ್ಲೇ ನಿರ್ಧಾರ ಮಾಡಿದೆ. ನನಗೊಂದು ಆಟ ಬೇಕಿತ್ತು, ಅದು ನಿಜ. ಅದಕ್ಕಿಂತ ಹೆಚ್ಚಾಗಿ, ನಾನು ಹೇಗೆ ಕೈ ಖಾಲಿ ಮಾಡಿಕೊಂಡು ನಿಂತಿದ್ದೆನೋ ಹಾಗೆ ಅವಳೂ ಒಂದು ದಿನ ಅಂಗಳದಲ್ಲಿ ನಿಲ್ಲಬೇಕಿತ್ತು. ಹಿಮ ಬಿದ್ದು ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಗಂಡನನ್ನೂ ಮಗಳನ್ನೂ ಎಬ್ಬಿಸಿ ಕೂರಿಸಿದೆ. ಶೈಲಾ ನನ್ನ ಮುಖವನ್ನೇ ನೋಡಿದಳು, ನಾನು ಕಣ್ಣು ಬಿಟ್ಟೆ, ದಂಟು ಬಾಯಿಗಿಟ್ಟುಕೊಂಡಳು. ಊದಿದೆವು. ಆ ಬಿಳಿಯ ಗುಡ್ಡೆಯಿಂದ ಒಂದೊಂದೇ ಹಳದಿ ಚುಕ್ಕೆ ಹೊರಗೆ ಬರತೊಡಗಿದಾಗ ನನ್ನ ಗಂಡ ದಂಟು ಬಾಯಿಂದ ತೆಗೆದು, ಇದು ಯಾರ ತಲೆಯಿಂದ ಬಂತು ಎಂದು ಕೇಳಿದರು. ನನ್ನದೇ ಎಂದೆ. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ಗೋಡೆಯ ಆಚೆ ಪುತಳಾಳ ಬಾಗಿಲು ಕಿರುಗುಟ್ಟಿತು. ಅವಳಿಗೆ ಕೇಳಲಿ ಎಂದು ಶೈಲಾಳಿಗೆ, ಇನ್ನೊಂದಿಷ್ಟು ಊದು, ದೀಪ ಕಾಣಾಕ್ಹತ್ತೈತಿ ಎಂದು ಗಟ್ಟಿಯಾಗಿ ಹೇಳಿದೆ.

ಮಧ್ಯಾಹ್ನ ಗೋಡೆಯ ಮೇಲಿಂದ ಹಿಮದ ಒಂದು ಉಂಡೆ ಹಾರಿಬಂದು ನಮ್ಮ ಅಂಗಳದಲ್ಲಿ ಬಿತ್ತು. ಹಿಂದೆಯೇ ಇನ್ನೊಂದು. ಶೈಲಾ ಹೋ ಎಂದು ಎತ್ತಿಕೊಳ್ಳಲು ಓಡಿದಳು. ಕದ್ದದ್ದು ತಿಳಿದು ಸಿಟ್ಟಿಗೆ ಎಸೆಯುತ್ತಿದ್ದಾಳೆ ಎಂದುಕೊಂಡೆ ನಾನು. ಬೇರೆ ಯೋಚನೆ ಬರಲೇ ಇಲ್ಲ. ಮಗಳ ರಟ್ಟೆ ಹಿಡಿದು ಒಳಗೆ ಎಳೆದೊಯ್ದು ಅಗಳಿ ಹಾಕಿದೆ. ಗಂಡನಿಗೂ, ಹೊರಗೆ ಹೋದರೆ ನೋಡಿ ಎಂದೆ. ಥಪ್ ಎಂದು ಇನ್ನೂ ಮೂರು ಬಿದ್ದವು. ಸ್ವಲ್ಪ ಹೊತ್ತು ಬಿಟ್ಟು ಒಂದು. ಬಹಳ ಹೊತ್ತು ಬಿಟ್ಟು ಕೊನೆಯದೊಂದು. ಆಮೇಲೆ ಅವಳ ಮಗ ಬಾಳು ಏನೋ ಕೇಳಿದ್ದು, ಅವಳು ಏನೋ ಸಮಾಧಾನ ಹೇಳಿದ್ದು ಕೇಳಿಸಿತು.

ಮರುದಿನ ಅಂಗಳ ಗುಡಿಸುವಾಗ ಗೋಡೆಯ ಬುಡದಲ್ಲಿ ಹುಣಸೆ ಬೀಜ, ಒಂದು ಹಿತ್ತಾಳೆ ಗುಂಡಿ, ದಾರ ಸುತ್ತುವ ಒಂದು ಕಡ್ಡಿ, ಇನ್ನೂ ಏನೇನೋ ಚಿಲ್ಲರೆ ಸಿಕ್ಕವು. ಜೊತೆಗೆ ಹಸಿರು ಗಾಜಿನ ಬಳೆಯ ಚೂರು ಒಂದು, ಮೇಲೆ ಬಂಗಾರದ ಚುಕ್ಕೆಯದು. ಹಿಮದೊಳಗೆ ಗಾಜಿಟ್ಟು ನನ್ನ ಮಗಳ ಮೇಲೆ ಎಸೆದಿದ್ದಾಳೆ! ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬೀದಿಯ ಹತ್ತು ಮನೆಗೆ ತೋರಿಸಿ ಬಂದೆ. ಎಲ್ಲರೂ ಕೆನ್ನೆಗೆ ಕೈ ಹಚ್ಚಿದರು, ಮೆತ್ತಗಿರುವವರನ್ನೇ ನಂಬಬಾರದು ಎಂದರು. ಸಂಜೆ ಪುತಳಾ ಬಾಗಿಲಿಗೆ ಬಂದಳು. ಒಳಗೆ ಕರೆಯಲಿಲ್ಲ.

"ಅಕ್ಕಾ, ಉಂಡಿ ಒಡದು ನೋಡಿದ್ರೇನು?" ಎಂದು ಕೇಳಿದಳು.

"ನೋಡೀನಿ. ಗಾಜು ಇತ್ತು," ಎಂದೆ.

ಅವಳು, ಹಂಗಾರ ಆತು ಎಂದು ಹೊರಟುಹೋದಳು. ಜಗಳಕ್ಕೆ ಟೊಂಕ ಕಟ್ಟಿಕೊಂಡು ನಿಂತಿದ್ದ ನನಗೆ ನಿರಾಸೆಯೇ ಆಯಿತು. ಬಳೆ ಚೂರನ್ನು ಅರಿವೆಯ ತುಂಡಿನಲ್ಲಿ ಗಂಟು ಕಟ್ಟಿ ಅಡಿಗೆಮನೆಯ ಗೂಡಿನಲ್ಲಿಟ್ಟೆ. ನಾಳೆ ಯಾರಾದರೂ ಅನುಮಾನಪಟ್ಟರೆ ತೋರಿಸಲು ಬೇಕಲ್ಲ.

ಮರುವರ್ಷ ಹಿಮ ನಮ್ಮ ಕಡೆ ಬಿತ್ತು. ಗೋಡೆಯ ತನಕ ಬಂದು, ನೂಲು ಹಿಡಿದು ಗೆರೆ ಎಳೆದ ಹಾಗೆ ಅಲ್ಲಿಗೇ ನಿಂತಿತು. ಗೋಡೆಯ ತಲೆಯ ಮೇಲೂ ಅರ್ಧ ಮಾತ್ರ ಬಿಳಿ. ಆಚೆ ಸಿದ್ರಾಮ, ಪುತಳಾ, ಬಾಳು ಮೂವರೂ ಬೆಚ್ಚಗಿನ ಬಟ್ಟೆ ಹಾಕಿಕೊಂಡು ಬರೀ ಮಣ್ಣಿನ ಮೇಲೆ ನಿಂತಿದ್ದರು. ನಾನು ಏಣಿ ಹತ್ತಿ ನೋಡಿದೆ. ಬಾಳು ಆಕಾಶಕ್ಕೆ ಬೊಗಸೆ ಒಡ್ಡಿದ್ದ. ಇಳಿದು ಬಂದು ನಮ್ಮ ಆಟ ಆಡಿದೆ. ಆ ವರ್ಷದ್ದು ಏನು ಆಟವೆಂದು ಈಗ ನೆನಪಿಲ್ಲ, ಮತ್ತೆ ರೊಟ್ಟಿಯದೇ ಯಾವುದೋ ಇರಬೇಕು.

ಒಣ ಅಂಗಳದವರಿಗೆ ನೀರು ಇಲ್ಲ ಎನ್ನುವ ಹಾಗಿಲ್ಲ, ಅದೂ ನಮ್ಮೂರಿನ ಕಟ್ಟಳೆ. ಆದರೆ ಅವರು ದಿನಾ ಬಾಗಿಲಲ್ಲಿ ನಿಂತು ಬಾಯಿಬಿಟ್ಟು ಕೇಳಬೇಕು. ನಿನ್ನೆ ಕೇಳಿದ್ದು ಇವತ್ತಿಗೆ ನಡೆಯುವುದಿಲ್ಲ. ಹೀಗಾಗಿ ಪುತಳಾ ಪ್ರತಿದಿನ ಬೆಳಿಗ್ಗೆ ಬಂದು, ಅಕ್ಕಾ, ಎರಡು ಕೊಡ ನೀರು ಎನ್ನುತ್ತಿದ್ದಳು. ಒಂದು ತಲೆಯ ಮೇಲೆ, ಒಂದು ಸೊಂಟದಲ್ಲಿ. ಮೂರು ವರ್ಷ ಹೀಗೆ ನಡೆಯಿತು. ಒಂದೊಂದು ದಿನ ನಾನು ಕೇಳಿಸದವಳಂತೆ ಒಲೆ ಊದುತ್ತ ಕೂತಿರುತ್ತಿದ್ದೆ, ಅವಳು ಇನ್ನೊಂದು ಸಲ ಕೇಳಲಿ ಎಂದು. ಕೇಳುತ್ತಿದ್ದಳು. ಅದೇ ಧ್ವನಿಯಲ್ಲಿ, ಏರಿಸದೆ, ಇಳಿಸದೆ. ಒಂದು ದಿನ, ಕಳ್ಳಿ ಎಂದು ಬೈದಾಳು, ಬೈದರೆ ನನ್ನ ಎದೆಯ ಮೇಲಿನ ಕಲ್ಲು ಇಳಿದೀತು ಎಂದು ಕಾಯುತ್ತಿದ್ದೆ. ಅಷ್ಟು ಹೊತ್ತಿಗೆ ನನಗೆ ಗೆದ್ದ ರುಚಿ ಹೋಗಿತ್ತು. ನನ್ನ ಗಂಡ ಹಿಮ ಹತ್ತಿರ ಬಂದಾಗಲೆಲ್ಲ, ಆ ದೀಪದಂಥದ್ದು ಇನ್ನೊಂದು ವಿಚಾರ ಮಾಡು, ಆ ಸರ್ತಿ ಹೆಂಗ ಬಂದಿತ್ತು ನಿನ್ನ ತಲೀಗೆ ಎನ್ನುತ್ತಿದ್ದರು. ನಾನು ಏನಾದರೊಂದು ಹೇಳಿ ಎದ್ದು ಹೋಗುತ್ತಿದ್ದೆ.

ನಾಲ್ಕನೆಯ ಹಿಮಕ್ಕೆ ಎರಡು ತಿಂಗಳಿರುವಾಗ ಅವರು ಊರು ಬಿಟ್ಟರು. ಮಳೆ ಬೀಳುವ ಯಾವುದೋ ಊರಲ್ಲಿ ಸಿದ್ರಾಮನಿಗೆ ಗಿರಣಿ ಸಿಕ್ಕಿತ್ತು. ಬಂಡಿಗೆ ಸಾಮಾನು ಹೇರಿದ ಮೇಲೆ ಪುತಳಾ ಅವರ ಕಡೆಯ ಮನೆಯ ಬೀಗದ ಕೈ ಕೊಡಲು ಬಂದಳು. ಆಗ ನನ್ನಿಂದ ತಡೆಯಲಾಗಲಿಲ್ಲ. ಹೊಸ್ತಿಲಲ್ಲೇ ನಿಲ್ಲಿಸಿ ಹೇಳಿಬಿಟ್ಟೆ.

"ಆ ದೀಪದ ಆಟ ನಿಂದು. ಶೈಲಾನ ಬಾಯಿಂದ ಕೇಳಿ ಕದ್ದೆ. ನಿನಗಿಂತ ಮೊದಲ ಆಡಬೇಕಂತ ನಸುಕಿನಾಗ ಎದ್ದೆ."

ಪುತಳಾ ಕೈಯಲ್ಲಿದ್ದ ಬೀಗದ ಕೈಯನ್ನು ಹೊಸ್ತಿಲ ಮೇಲಿಟ್ಟಳು.

"ಕದಿಯೂದು ಎಲ್ಲಿ ಬಂತಕ್ಕ," ಎಂದಳು. "ಅದನ್ನ ನಿಮಗಂತನ ಮಾಡಿದ್ದೆ. ಆ ವರ್ಷ ನಿಮ್ಮ ಹಂತ್ಯಾಕ ಆಟ ಇರಲಿಲ್ಲ, ನನಗ ಗೊತ್ತಿತ್ತು. ನಾ ಬಂದು ಕೊಟ್ಟಿದ್ರ ನೀವು ತಗೋತಿದ್ದಿಲ್ಲ. ಅದಕ್ಕ ಶೈಲಾಗ, ನಿಮ್ಮವ್ವಗ ಹೇಳಬ್ಯಾಡ ಅಂತ ಹೇಳಿದ್ದೆ. ಹಂಗಂದ್ರ ಆಕಿ ಹೇಳೇ ಹೇಳ್ತಾಳಂತ."

ನಿನ್ನ ಆಟ ಯಾವುದಿತ್ತು ಎಂದು ಕೇಳಿದೆ.

"ಉಂಡಿದು. ಗೋಡಿ ಬಂದಮ್ಯಾಲ ಗೋಡಿ ಮ್ಯಾಲಿಂದನ ಆಡೂಣು ಅಂತ. ಉಂಡಿಯೊಳಗ ಮನ್ಯಾಗಿನವ್ರದು ಒಂದೊಂದು ಸಾಮಾನು. ನೀವು ಒಡದು, ಯಾರದಂತ ಕೂಗಿ ಹೇಳಿ, ಒಂದು ಉಂಡಿ ತಿರುಗಿ ಒಗೀಬೇಕಿತ್ತು. ಹುಣಸಿಬೀಜ ಅತ್ತೀದು, ಚೌಕಾಬಾರಾ ಆಡ್ತಿದ್ದಲ್ಲ ಆಕಿ. ಗುಂಡಿ ಭಾವನವರ ಹಳೀ ಕೋಟಿಂದು. ಬಳಿ ಚೂರು ನಿಮ್ಮದು. ಮುಖದ ಆಟದ ದಿನ ಒಡೀತಲ್ಲ, ಅವತ್ತ ಆರಿಸಿ ಇಟ್ಟಿದ್ದೆ. ಆವಾಗ ನಿಮ್ಮನ್ನ ಯಾರೂ ಗುರುತು ಹಿಡೀಲಿಲ್ಲ. ಈ ಸರ್ತಿ ಹಿಡೀಲಿ ಅಂತಿತ್ತು. ಸಂಜೀತನಕ ದಾರಿ ನೋಡಿದ್ವಿ ಅಕ್ಕ. ಹಿಮ ಕರಗಿಬಿಟ್ಟಿತು."

ನಾನು ಒಳಗೆ ಹೋಗಿ ಗೂಡಿನಿಂದ ಅರಿವೆಯ ಗಂಟು ತಂದು ಬಿಚ್ಚಿದೆ. ಹಸಿರು ಗಾಜು, ಬಂಗಾರದ ಚುಕ್ಕೆ. ನನ್ನ ಕೈಯಲ್ಲಿ ವರ್ಷಗಟ್ಟಲೆ ಇದ್ದ ಬಳೆ. ಅದನ್ನು ಹತ್ತು ಮನೆಗೆ ತೋರಿಸಿದ್ದೆ. ಯಾರೂ ಗುರುತಿಸಿರಲಿಲ್ಲ, ನಾನೂ ಗುರುತಿಸಿರಲಿಲ್ಲ. ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದೆನಲ್ಲ, ಒಡೆದು ನೋಡಿದಿರಾ ಎಂದು, ನೋಡಿದೆ ಅಂದಿರಿ ಎಂದಳು. ಚೂರನ್ನು ಅವಳ ಮುಂದೆ ಹಿಡಿದೆ. ಅವಳು ನನ್ನ ಬೆರಳುಗಳನ್ನು ಮಡಚಿ, ನಿಮ್ಮದು, ನೀವ ಇಟಗೋರಿ ಎಂದು ಹೇಳಿ ಬಂಡಿಯ ಕಡೆ ನಡೆದಳು. ಕ್ಷಮಿಸು ಎಂಬ ಮಾತು ಗಂಟಲಿನ ತನಕ ಬಂದಿತ್ತು. ಬಂಡಿ ತಿರುವು ದಾಟಿದ ಮೇಲೆ ಬಾಯಿಗೆ ಬಂತು. ಬಾಗಿಲ ಹಿಂದೆ ನಿಂತಿದ್ದ ಶೈಲಾ ಎಲ್ಲ ಕೇಳಿದ್ದಳು. ಅವತ್ತಿನಿಂದ ಅವಳು ನನ್ನೊಡನೆ ಅವಶ್ಯವಿದ್ದಷ್ಟೇ ಮಾತಾಡುತ್ತಾಳೆ.

ಆ ಸಲ ಹಿಮ ಬಿದ್ದಾಗ ನಾನು ಬಳೆ ಚೂರನ್ನು ಗಂಟಿನಿಂದ ತೆಗೆದು ಅಡಿಗೆಮನೆಯ ಗೂಡಿನ ಅಂಚಿಗೆ, ಒಳಗೆ ಕಾಲಿಟ್ಟವರ ಕಣ್ಣಿಗೆ ಬೀಳುವ ಹಾಗೆ ಇಟ್ಟೆ. ಆಮೇಲೆ ಗಂಡನಿಗೂ ಮಗಳಿಗೂ ಪುತಳಾಳ ಆಟ ಹೇಳಿಕೊಟ್ಟೆ. ನೀವಿಬ್ಬರೂ ಇಲ್ಲಿಂದ ಎಸೆಯಿರಿ, ನಾನು ಆಚೆ ನಿಂತು ಯಾರದೆಂದು ಹೇಳುತ್ತೇನೆ ಎಂದೆ. ಅದು ಅವಳು ಮುಗಿಸಲಾಗದ ಆಟ, ಹಾಗಾಗಿ ಹೊಸದೆಂದೇ ನಡೆಯಿತು, ಮರುವರ್ಷ ನಮ್ಮ ಕಡೆ ಹಿಮ ತಪ್ಪಲಿಲ್ಲ. ಬೀದಿಯಿಂದ ಸುತ್ತಿ ಹೋಗಿ ಬೀಗ ತೆಗೆದೆ. ಅವರ ಅಂಗಳದಲ್ಲಿ ಒಣಮಣ್ಣು, ಬತ್ತಿದ ಬಾವಿ, ಬಾಳು ಗೀಚಿದ ಗೋಡೆ. ಗೋಡೆಗೆ ಮುಖ ಮಾಡಿ ನಿಂತು, ಒಗೀರಿ ಎಂದು ಕೂಗಿದೆ.

"ಏನ್ ಹಾಕೂಣು ಒಳಗ?" ಎಂದರು ನನ್ನ ಗಂಡ ಆಚೆಯಿಂದ.

"ನಿಮ್ಮಿಬ್ಬರದೂ ಹಾಕ್ರಿ. ನಂದೂ ಒಂದು ಏನರ ಹಾಕ್ರಿ," ಎಂದೆ.

ಅವರು ಮನೆಯೊಳಗೆ ಹೋದದ್ದು ಕೇಳಿಸಿತು. ಅಡಿಗೆಮನೆಯಲ್ಲಿ ಡಬ್ಬಿಗಳು ಸದ್ದು ಮಾಡಿದವು. ಬಹಳ ಹೊತ್ತು ಹುಡುಕಿದರು, ಮನಸ್ಸಿಟ್ಟೇ ಹುಡುಕಿದರು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಹೊರಗೆ ಬಂದು ಶೈಲಾಳನ್ನು ಮೆಲ್ಲಗೆ, ನಿಮ್ಮವ್ವಂದು ಅಂತ ಮನ್ಯಾಗ ಏನೈತಿ ಎಂದು ಕೇಳಿದರು. ಅವಳು ಹಿಮ ತಟ್ಟಿ ಉಂಡೆ ಕಟ್ಟುವ ಸದ್ದು ಕೇಳಿಸಿತು.

ಮೊದಲ ಉಂಡೆ ಬಂದು ಬಿತ್ತು. ಒಡೆದೆ, ಗಿರಣಿಯ ನಟ್ಟು ಇತ್ತು. ನಿಮ್ಮದು ಎಂದು ಕೂಗಿ ಹೇಳಿ, ತಿರುಗಿ ಎಸೆದೆ. ಎರಡನೆಯದರಲ್ಲಿ ಕೆಂಪು ರಿಬ್ಬನ್ನು. ಶೈಲಾಂದು ಎಂದು ಹೇಳಿ ಅದನ್ನೂ ಎಸೆದೆ. ಮೂರನೆಯದು ಕಾಲ ಹತ್ತಿರವೇ ಬಿತ್ತು. ಎರಡು ಹೋಳು ಮಾಡಿದೆ. ಹೋಳುಗಳನ್ನು ಹಿಂಡಿದೆ. ಪುಡಿ ಮಾಡಿ ಬೆರಳಿಂದ ಬೆರಳಿಗೆ ಸುರಿದು ನೋಡಿದೆ. ಒಳಗೆ ಏನೂ ಇರಲಿಲ್ಲ. ನೀರಾಗಿ ಮೊಣಕೈಗೆ ಇಳಿಯಿತು.

"ಯಾರದು ಹೇಳು," ಎಂದರು ಗೋಡೆಯ ಆಚೆಯಿಂದ.

"ನಂದು," ಎಂದೆ.

ಬರೋಬ್ಬರಿ ಹೇಳಿದಿ ಎಂದರು ಅವರು, ಅಲ್ಲಿಗೆ ಆ ವರ್ಷದ ಆಟ ಮುಗಿಯಿತು.